ಓದಿದ ಹಾಗೆ ಲೆಕ್ಕ

"ಮೆಸೇಜನ್ನ ಮುಟ್ಟಿದ್ರೆ ಸಾಕು ಮೇಡಂ, ಓದಿದ ಹಾಗೇ ಲೆಕ್ಕ. ನಮ್ಮ ಕಣ್ಣಿನ ಔಷಧಿಯಲ್ಲಿ ದೋಷ ಇದೆ, ಬಳಸಬೇಡಿ ಅಂತ ಕಳಿಸಿದ್ದನ್ನ ನೂರಕ್ಕೆ ತೊಂಬತ್ತೆಂಟು ಜನ ಓದಿದ್ದಾರೆ," ಎಂದು ಔಷಧಿ ಕಂಪನಿಯ ಮ್ಯಾನೇಜರು ಬೀಗುತ್ತಿದ್ದಾಗಲೇ ಅವನ ಮೊಬೈಲು ಸದ್ದು ಮಾಡಿತು. ಬಂದ ಮೆಸೇಜನ್ನು ಅವನು ನೋಡದೆಯೇ ಹೆಬ್ಬೆರಳಿನಿಂದ ಅತ್ತ ಸರಿಸಿದ.

ತಪಾಸಣೆಗೆ ಬಂದಿದ್ದ ಅಧಿಕಾರಿ ಆ ಹೆಬ್ಬೆರಳನ್ನೇ ನೋಡಿದಳು. ಅವಳ ಅಮ್ಮನೂ ಕಂಪನಿಯ ಆ ಮೆಸೇಜನ್ನು ಹೀಗೇ ಸರಿಸಿದ್ದಳು. ಮಂಜಾದ ಕಣ್ಣಿಗೆ ಅಕ್ಷರ ಕಾಣದೆ, ಅದೇ ಔಷಧಿಯನ್ನು ಇನ್ನೂ ಹತ್ತು ದಿನ ಬಿಟ್ಟುಕೊಂಡಿದ್ದಳು. ಈಗ ಮಗಳ ಮುಖವನ್ನು ಕೈಯಿಂದ ತಡವಿ ಗುರುತಿಸುತ್ತಾಳೆ.

ಅರ್ಧ ಗಂಟೆ ಅವಳು ಫೈಲಿನ ಹಾಳೆಗಳನ್ನು ತಿರುವಿದಳು. ಆಮೇಲೆ ಫೈಲು ಮುಚ್ಚಿದಳು. "ನಿಮ್ಮ ಪರವಾನಗಿ ರದ್ದು. ನೋಟಿಸಿಗೆ ಉತ್ತರ ಕೊಡೋಕೆ ಇದ್ದ ಅರ್ಧ ಗಂಟೆ ಮುಗೀತು."

"ಯಾವ ನೋಟಿಸು ಮೇಡಂ? ನಾನು ಓದೇ ಇಲ್ಲ!"

"ಆಗಲೇ ಮೊಬೈಲಲ್ಲಿ ಮುಟ್ಟಿದ್ರಲ್ಲ," ಎಂದಳು.