ನಾಲ್ಕನೆಯ ಘಟಕ: ನಮ್ಮ ಕೆರೆ

"ಎಲ್ಲಿ, ದೋಣಿ ತೋರಿಸಿ" ಎಂದರು ಪರಿವೀಕ್ಷಕ ಸಾಲ್ವಾತಿಯೆರಾ, ಜೀಪಿನಿಂದ ಇಳಿಯುತ್ತಲೇ.

ದೋಣಿ ಶಾಲೆಯ ಹಿಂದೆ ಇತ್ತು. ಅದರ ಸುತ್ತ ಕಣ್ಣು ಹಾಯಿಸಿದಷ್ಟು ದೂರವೂ ಉಪ್ಪು ಹತ್ತಿ ಬಿಳಿಚಿಕೊಂಡ, ಬಿರುಕು ಬಿಟ್ಟ ನೆಲ. ಆರು ವರ್ಷದ ಹಿಂದಿನವರೆಗೆ ಅದು ಕೆರೆಯಾಗಿತ್ತು, ಊರಿಗೆ ಊರೇ ಅದರಲ್ಲಿ ಮೀನು ಹಿಡಿದು ಬದುಕುತ್ತಿತ್ತು. ಈಗ ಗಂಡಸರು ಗಣಿಗೆ ಹೋಗುತ್ತಾರೆ. ದೋಣಿ ಹೆಣೆಯುವ ಜೊಂಡು ಕೂಡ ಇಲ್ಲಿ ಬೆಳೆಯುವುದಿಲ್ಲ. ಟೀಚರ್ ಒಡಿಲಿಯಾ ಒಂದು ದಿನದ ದಾರಿಯಾಚೆಯ ಬೇರೆ ಕೆರೆಯಿಂದ ಜೊಂಡನ್ನು ಬಸ್ಸಿನ ಮೇಲೆ ಹೇರಿಸಿ ತಂದಿದ್ದಳು. ಹೆಣೆದವನು ಸಿಪ್ರಿಯಾನೊ ತಾತ. ಆ ಕೆಲಸ ಬಲ್ಲವನು ಊರಲ್ಲಿ ಅವನೊಬ್ಬನೇ ಉಳಿದಿದ್ದ.

ಇಷ್ಟೆಲ್ಲ ಪಾಡು ಒಂದು ಪುಸ್ತಕಕ್ಕಾಗಿ. ಹನ್ನೊಂದು ವರ್ಷದ ಹಿಂದೆ ಪಠ್ಯಕ್ರಮ ಸಮಿತಿಯವರು ಬಂದು ಹಿರಿಯರನ್ನು ಕೂರಿಸಿಕೊಂಡು, "ನಿಮ್ಮ ಮಗು ಏನೇನು ಕಲಿತಿರಬೇಕು?" ಎಂದು ಕೇಳಿದ್ದರು. ಅಲ್ಲಿಯವರೆಗೆ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಹಿರಿಯರು ಮೂರು ದಿನ ಬಿಡದೆ ಹೇಳಿದರು: ಗಾಳಿ ನೋಡಿ ಕೆರೆಗೆ ಇಳಿಯಬಾರದ ದಿನವನ್ನು ಗುರುತಿಸುವುದು, ನೀರುಹಕ್ಕಿಯ ಗೂಡಿನಲ್ಲಿ ಎಷ್ಟು ಮೊಟ್ಟೆ ಬಿಟ್ಟು ಎಷ್ಟು ತೆಗೆಯುವುದು, ಇಳಿಯುವ ಮುನ್ನ ಕೋಕಾ ಎಲೆಯನ್ನು ನೀರಿಗೆ ಅರ್ಪಿಸಿ ಕೆರೆಯ ಅಪ್ಪಣೆ ಕೇಳುವುದು. ಸಿಪ್ರಿಯಾನೊ ತಾತ ಹೇಳಿದ್ದು ಒಂದೇ ಮಾತು: ದೋಣಿ ಮಗುಚಿದರೆ ಈಜಲು ಹೋಗಬೇಡ, ದೋಣಿಯನ್ನೇ ಗಟ್ಟಿಯಾಗಿ ಹಿಡಿದುಕೋ. ಅವನ ಅಣ್ಣ ಈಜಲು ಹೋಗಿ ಸತ್ತಿದ್ದ. ಸಮಿತಿ ಎಲ್ಲವನ್ನೂ ಬರೆದುಕೊಂಡಿತು, ಚರ್ಚಿಸಿತು, ತಿದ್ದಿತು, ಮತ್ತೆ ಚರ್ಚಿಸಿತು. ಅಷ್ಟರಲ್ಲಿ ಕೆರೆ ಸತ್ತಿತು. ಕೆರೆ ಸತ್ತ ಐದನೆಯ ವರ್ಷಕ್ಕೆ ಪುಸ್ತಕ ಅಚ್ಚಾಗಿ ಬಂತು. ಮುಖಪುಟದ ಮೇಲೆ ನೀಲಿ ನೀರು, ಕೊಕ್ಕರೆ, ಎಲ್ಲ ಇತ್ತು.

ಹದಿಮೂರು ಮಕ್ಕಳ ಶಾಲೆ ಮುಚ್ಚದೆ ಉಳಿದಿದ್ದು ಆ ಪುಸ್ತಕದ ಪುಣ್ಯದಿಂದ. ಊರಿನದೇ ಪಠ್ಯಕ್ರಮ ಇಲ್ಲಿ ಸರಿಯಾಗಿ ನಡೆಯುತ್ತಿದೆ ಎಂದು ಪರಿವೀಕ್ಷಕರು ಬರೆದರೆ ಶಾಲೆ ಇರುತ್ತದೆ, ಇಲ್ಲದಿದ್ದರೆ ಮಕ್ಕಳೆಲ್ಲ ಗಣಿ ಊರಿನ ಹಾಸ್ಟೆಲಿಗೆ. ಅಲ್ಲಿಗೆ ಹೋದ ಮಕ್ಕಳು ವರ್ಷ ತುಂಬುವುದರೊಳಗೆ ತಮ್ಮ ಭಾಷೆಯಲ್ಲಿ ಬೈಯುವುದನ್ನೂ ಮರೆತು ಬರುತ್ತಾರೆ.

"ಈ ಕೆರೆಯ ಘಟಕ ಬಿಟ್ಟುಬಿಡೋಣ ಅಂತ ಇಲಾಖೆಗೆ ಎರಡು ಸಲ ಬರೆದಿದ್ದೆ ಸರ್" ಎಂದಳು ಒಡಿಲಿಯಾ.

"ಬಿಡೋಕೆ ಹೇಗಮ್ಮ ಬರುತ್ತೆ? ಮಂಜೂರಾಗಿದೆ. ಒಂದಕ್ಷರ ತಿದ್ದಬೇಕಾದ್ರೂ ಮತ್ತೆ ಸಮಿತಿ ಕೂರಬೇಕು."

"ಕೂರ್ಲಿ ಬಿಡಿ" ಎಂದ ದೋಣಿಯ ಪಕ್ಕ ನಿಂತಿದ್ದ ತಾತ. "ಅವರು ಏಳೋ ಹೊತ್ತಿಗೆ ಕೆರೆನೇ ವಾಪಸ್ ಬಂದಿರುತ್ತೆ."

ಸಾಲ್ವಾತಿಯೆರಾ ನಕ್ಕರು. ಕೆಟ್ಟ ಮನುಷ್ಯರೇನಲ್ಲ. ಹಾಳೆ ತೆಗೆದು, "ಒಂದು ಮಗು ಮಾಡಿ ತೋರಿಸಿದ್ರೆ ಸಾಕು, ಉಳಿದವರದ್ದೂ ಅದರ ಮೇಲೇ ಬರೀತೀನಿ" ಎಂದರು. ಮಕ್ಕಳ ಸಾಲಿನಿಂದ ತಾತನ ಮೊಮ್ಮಗಳು ವಿಲ್ಮಾ ಮುಂದೆ ಬಂದಳು. ಅವಳಿಗೆ ಎಂಟು ವರ್ಷ.

ಅವಳು ದೋಣಿ ಹತ್ತುವ ಮುನ್ನ ತಾತನ ಕೈ ತಾನಾಗಿಯೇ ಸೊಂಟದ ಚೀಲಕ್ಕೆ ಹೋಗಿ ಮೂರು ಕೋಕಾ ಎಲೆ ತೆಗೆಯಿತು. ಕಣ್ಣು ಒಣ ನೆಲದ ಮೇಲೆ ಬಿದ್ದದ್ದೇ ಆ ಕೈ ಅರ್ಧಕ್ಕೇ ನಿಂತಿತು.

"ಯಾಕೆ ತಾತ, ಅಪ್ಪಣೆ ಕೇಳಲ್ವಾ?"

"ಯಾರ್ನ ಕೇಳ್ಲಿ ಕೂಸೇ?" ಎಂದು ಎಲೆಗಳನ್ನು ಮತ್ತೆ ಚೀಲಕ್ಕೆ ತುರುಕಿದ.

ವಿಲ್ಮಾ ದೋಣಿಯ ಹಿಂಬದಿಯಲ್ಲಿ ನಿಂತು ಗಳ ಹಾಕಿದಳು. ಗಳದ ತುದಿ ಉಪ್ಪಿನ ಹೆಪ್ಪಿಗೆ ಬಡಿದು ಟಕ್ ಟಕ್ ಎಂದಿತು. ದೋಣಿ ಇದ್ದಲ್ಲೇ ಇತ್ತು. ಎಡಕ್ಕೆ ತಿರುಗಿಸು ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ ಮೈ ಬಾಗಿಸಿದಳು. ಬಲೆಯನ್ನು ಚೆನ್ನಾಗಿಯೇ ಬೀಸಿದಳು. ಅದು ಧೂಳೆಬ್ಬಿಸಿ ಬಿತ್ತು. ಸಾಲ್ವಾತಿಯೆರಾ ಒಂದೊಂದಕ್ಕೂ 'ಕಲಿತಿದ್ದಾಳೆ' ಎಂಬ ಕಡೆ ಗುರುತು ಹಾಕುತ್ತ ಹೋದರು.

"ಕೊನೇ ಪ್ರಶ್ನೆ. ಕೆರೆ ಮಧ್ಯೆ ದೋಣಿ ಮಗುಚ್ತು ಅಂತಿಟ್ಕೋ. ನೀನು ಬಿದ್ದೆ. ಆಗ ಏನ್ ಮಾಡ್ತೀಯ?"

ಪುಸ್ತಕದ ಉತ್ತರವನ್ನು ಒಡಿಲಿಯಾಳ ತುಟಿಗಳು ಸದ್ದಿಲ್ಲದೆ ಹೇಳುತ್ತಿದ್ದವು. ವಿಲ್ಮಾ ಅತ್ತ ನೋಡಲಿಲ್ಲ. ದೋಣಿಯ ಆಚೆ ಈಚೆ ಬಗ್ಗಿ ನೋಡಿ, ಯೋಚಿಸಿ ಹೇಳಿದಳು:

"ಎದ್ದು, ಧೂಳು ಕೊಡವ್ಕೊಂಡು, ಮನೆಗೆ ನಡ್ಕೊಂಡು ಹೋಗ್ತೀನಿ."

ಯಾವ ಮಗುವೂ ನಗಲಿಲ್ಲ. ತಪ್ಪೇನೆಂದು ಅವರಿಗೂ ಹೊಳೆಯಲಿಲ್ಲ.

"ಇನ್ನೊಂದ್ಸಲ ಕೇಳಿ ಸರ್, ಅವಳಿಗೆ ಬರುತ್ತೆ, ಬಾಯಿಪಾಠ ಆಗಿದೆ" ಎಂದಳು ಒಡಿಲಿಯಾ.

ಸಾಲ್ವಾತಿಯೆರಾ ಆ ಬಿಳಿ ಬಯಲನ್ನೊಮ್ಮೆ ನೋಡಿದರು. ಆಮೇಲೆ ಹಾಳೆಯತ್ತ ತಿರುಗಿ, "ಹೋಗ್ಲಿ ಬಿಡಮ್ಮ. ಕಲಿತಿದ್ದಾಳೆ ಅಂತಲೇ ಹಾಕ್ತೀನಿ. ಶಾಲೆ ಉಳೀಲಿ. ಇದೊಂದು ಸುಳ್ಳು ನನ್ನ ತಲೆ ಮೇಲಿರ್ಲಿ" ಎಂದರು.

ತಾತ ಮೊಮ್ಮಗಳನ್ನು ದೋಣಿಯಿಂದ ಎತ್ತಿ ಕೆಳಗಿಳಿಸಿ, ಅವಳ ಲಂಗದ ಧೂಳು ಕೊಡವಿದ.

"ಹಾಕ್ಕೊಳ್ಳಿ ಸ್ವಾಮಿ" ಎಂದ. "ಸುಳ್ಳೇನಲ್ಲ. ಈ ಕೆರೆಯಿಂದ ಅವಳು ಕಲಿತಿರೋದು, ಈಗ ಹೇಳಿದ್ಲಲ್ಲ, ಅದನ್ನೇ."