ಹೊಸ ಸಕ್ಕರೆ

ಭಾಗೀರಥಿ ಪಿಎಚ್.ಡಿ. ಪ್ರಬಂಧ ಬರೆದು ಮುಗಿಸಿ ವರ್ಷವಾಗಿತ್ತು. ಆದರೂ ಪ್ರೊಫೆಸರು ಸಹಿ ಹಾಕುತ್ತಿರಲಿಲ್ಲ. ಕೈ ಪಳಗಿದ ಹುಡುಗಿ ಹೋದರೆ ಲ್ಯಾಬು ನಡೆಯುವುದು ಹೇಗೆ? ಕೇಳಿದಾಗಲೆಲ್ಲ, "ಇನ್ನೊಂದೇ ಒಂದು ಪ್ರಯೋಗ ಕಣಮ್ಮ" ಎನ್ನುವರು.

ಅಂದೂ ಅವಳು ಹಲಸಿನ ಬೀಜದಿಂದ ತೆಗೆದ ಪ್ರೋಟೀನನ್ನು ಅಂಟಿಸಿದ ಮಣಿಗಳು ತುಂಬಿದ್ದ ಗಾಜಿನ ಕೊಳವೆಯೊಳಕ್ಕೆ ರಕ್ತದ ಸೀರಮ್ ಸುರಿಯುತ್ತಿದ್ದಳು. ಮೈಗೆ ಸಕ್ಕರೆ ಹಚ್ಚಿಕೊಂಡ ಪ್ರೋಟೀನುಗಳನ್ನು ಬೀಜದ ಪ್ರೋಟೀನು ಹಿಡಿದಿಟ್ಟುಕೊಂಡಿತು. ಉಳಿದವು ಸುಮ್ಮನೆ ಕೆಳಗಿಳಿದವು.

ಪ್ರಾಜೆಕ್ಟಿಗೆಂದು ಬಂದಿದ್ದ ಎಂ.ಎಸ್ಸಿ. ಹುಡುಗಿ ಸುನಯನಾ ಕೇಳಿದಳು: "ಇಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದನ್ನ ಬಿಡಿಸೋದು ಹೇಗಕ್ಕ?"

"ಜಗ್ಗಾಡಿದ್ರೆ ಹಾಳಾಗತ್ತೆ. ಮೇಲಿಂದ ಬೇರೆ ಸಕ್ಕರೆ ನೀರು ಸುರೀಬೇಕು. ಹೊಸ ಸಕ್ಕರೆ ಸಿಕ್ಕಿದ್ದೇ ತಡ, ಹಳೇದನ್ನ ತಾನಾಗೇ ಬಿಟ್ಬಿಡತ್ತೆ."

ಹೇಳುತ್ತ ಹೇಳುತ್ತ ಭಾಗೀರಥಿ ಹುಡುಗಿಯನ್ನೇ ದಿಟ್ಟಿಸಿದಳು. ಆಮೇಲೆ ಅವಳ ಕೈ ಹಿಡಿದುಕೊಂಡು ನೇರವಾಗಿ ಪ್ರೊಫೆಸರ ಕೋಣೆಗೆ ನಡೆದಳು.

"ಸರ್, ಇವಳು ನನಗಿಂತ ಚುರುಕು. ನಿಮ್ಮ ಹತ್ರಾನೇ ಪಿಎಚ್.ಡಿ. ಮಾಡೋ ಆಸೆಯಂತೆ."

ಪ್ರೊಫೆಸರ ಮುಖ ಅರಳಿತು. "ಕೂತ್ಕೋಮ್ಮ, ಕೂತ್ಕೋ" ಎಂದು ಸುನಯನಾಳಿಗೆ ಕುರ್ಚಿ ತೋರಿಸುತ್ತಲೇ ಭಾಗೀರಥಿಯ ಪ್ರಬಂಧಕ್ಕೆ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಸುನಯನಾಳ ಕಣ್ಣು ತುಂಬಿತ್ತು. "ನಿಮ್ಮ ಉಪಕಾರ ಮರೆಯಲ್ಲ ಅಕ್ಕ. ನಿಮ್ಮನ್ನ ಇಲ್ಲಿಗೆ ಸೇರಿಸಿದ್ದು ಯಾರು?"

"ನನ್ನ ಸೀನಿಯರು. ಬಾಯ್ತುಂಬ ಹೊಗಳಿ ಸೇರಿಸಿದ್ರು. ಎಂಥ ಪುಣ್ಯಾತ್ಗಿತ್ತಿ ಅಂದ್ರೆ, ಅವತ್ತೇ ಅವರ ಪ್ರಬಂಧಕ್ಕೂ ಸಹಿ..." ಎನ್ನುತ್ತಿದ್ದ ಭಾಗೀರಥಿ ಗಕ್ಕನೆ ನಿಂತುಬಿಟ್ಟಳು.