ಕರಡಿಗೊಂದು ತವರು ಗುಡ್ಡ

ಮೃಗಾಲಯದ ಹೊಸ ಕರಡಿಮನೆಯಲ್ಲಿ ಸಿಮೆಂಟಿನ ಗುಡ್ಡವೊಂದು ಎದ್ದು ನಿಂತಿತ್ತು. ಬಂಡೆಗಳಲ್ಲಿ ಬಿರುಕಿತ್ತು, ಬಿರುಕಿನಲ್ಲಿ ಹಸಿರು ಬಣ್ಣದ ಪಾಚಿಯಿತ್ತು, ನೆತ್ತಿಯ ಮೇಲೆ ಬಿಳಿ ಬಣ್ಣದಲ್ಲಿ ಹದ್ದಿನ ಹಿಕ್ಕೆಯನ್ನೂ ಬರೆಸಿದ್ದರು. ಹಿಕ್ಕೆ ಬರೆದ ಕಲಾವಿದನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನವೂ ಮುಗಿದಿತ್ತು. ಹದ್ದೊಂದು ಮಾತ್ರ ಬಾಕಿ.

“ಏನ್ ಕಲೆ ರೀ ನಿಮ್ದು! ಯಾವ್ದನ್ನ ನೋಡಿ ಮಾಡಿದ್ರಿ?” ಎಂದು ಉದ್ಘಾಟನೆಗೆ ಬಂದ ಸಾಹೇಬರು ಗುತ್ತಿಗೆದಾರನನ್ನು ಕೇಳಿದರು.

“ಈ ಕರಡಿ ಹುಟ್ಟಿದ ಗುಡ್ಡದ ಫೋಟೋ ನೋಡಿ, ಸಾರ್. ಪಾಪ, ಹೋದ ಬೇಸಿಗೇಲಿ ಊರೊಳಗೆ ನುಗ್ಗಿ ಸಿಕ್ಕಿಬಿತ್ತು. ತವರಲ್ಲೇ ಇದ್ದಂಗಿರ್ಲಿ ಅಂತ ಹೀಗ್ ಮಾಡ್ಸಿದ್ವಿ.”

ಒಳಗೆ ಕರಡಿ ಬಂಡೆಯ ಬುಡವನ್ನು ಕೆರೆಯಿತು. ಗೆದ್ದಲು ಸಿಗಲಿಲ್ಲ, ಉಗುರಿಗೆ ಬಣ್ಣ ಹತ್ತಿತು. ಅದು ಗುಡ್ಡಕ್ಕೆ ಬೆನ್ನು ಹಾಕಿ ಕೂತಿತು.

“ಕಾಡುಪ್ರಾಣಿ ನೋಡಿ, ಸೌಂದರ್ಯಪ್ರಜ್ಞೆ ಸ್ವಲ್ಪ ಕಮ್ಮಿ,” ಎಂದು ಸಾಹೇಬರು ನಕ್ಕರು. ಎಲ್ಲರೂ ನಕ್ಕರು.

ಮೃಗಾಲಯದ ಡಾಕ್ಟರಮ್ಮ ಮಾತ್ರ ನಗಲಿಲ್ಲ. “ಸಾರ್, ಹುಟ್ಟಿದ ಗುಡ್ಡ ಯಾವ್ದು ಅಂತ ಗೊತ್ತಿದ್ಮೇಲೆ ಅಲ್ಲೇ ಬಿಟ್ಟು ಬರಬಹುದಲ್ವಾ? ಇದು ಇಲ್ಲಿ ಅನ್ನ ನೀರು ಮುಟ್ತಿಲ್ಲ.”

ಸಾಹೇಬರ ನಗು ನಿಂತಿತು. “ಹೌದಲ್ರೀ. ಆ ಗುಡ್ಡ ಎಲ್ಲಿದೆ?”

ಕಂಬಿಯ ಈಚೆಗೂ ಚಾಚಿದ್ದ ಸಿಮೆಂಟು ಬಂಡೆಯನ್ನು ಗುತ್ತಿಗೆದಾರ ಹೆಮ್ಮೆಯಿಂದ ತಟ್ಟಿದ.

“ಇದರೊಳಗೇ ಇದೆ, ಸಾರ್. ಆ ಗುಡ್ಡ ಒಡೆದ ಜಲ್ಲೀನೇ ಪೂರ್ತಿ ಹಾಕಿರೋದು.”